ತಲೆಗೆ ಪೆಟ್ಟು ಬಿದ್ದ ಮಗು ಮತ್ತೆ ಆಟಕ್ಕೆ ಇಳಿಯುವುದು ಯಾವಾಗ?

ಆಗಸ್ಟ್ ಬಂತೆಂದರೆ ಸಾಕು, ಉತ್ತರ ಕನ್ನಡದ ಶಾಲೆಗಳಲ್ಲಿ ಕ್ರೀಡಾಕೂಟದ ಗಡಿಬಿಡಿ. ಮೊದಲು ವಲಯ ಮಟ್ಟ, ಆಮೇಲೆ ತಾಲೂಕು, ಆಮೇಲೆ ಜಿಲ್ಲೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಗುವುದು ಕೆಲವೇ ದಿನ. ಇಂಥ ಹೊತ್ತಲ್ಲಿ ಕಬಡ್ಡಿ ರೈಡ್‌ಗೆ ಹೋದ ಹುಡುಗನ ಕಾಲು ಯಾರೋ ಹಿಡಿಯುತ್ತಾರೆ. ಅವನು ಅಂಗಾತ ಬೀಳುತ್ತಾನೆ, ಹಿಂದಲೆ ನೆಲಕ್ಕೆ ಬಡಿಯುತ್ತದೆ. ಮುಖಕ್ಕೆ ನೀರು ಚಿಮುಕಿಸುತ್ತಾರೆ. "ಏಳೋ, ಎಂತ ಆಗ್ಲಿಲ್ಲ" ಅನ್ನುತ್ತಾರೆ. ಹುಡುಗ ಏಳುತ್ತಾನೆ, ಆಡುತ್ತಾನೆ, ಸಂಜೆ ಮನೆಗೆ ಬಂದು ತಲೆನೋವು ಅನ್ನುತ್ತಾನೆ. ಮುಂದಿನ ಪಂದ್ಯಕ್ಕೆ ಇನ್ನು ಹತ್ತು ಹನ್ನೆರಡು ದಿನ. ಅಪ್ಪ ಕೇಳುವುದೂ, ಪಿ.ಇ. ಮಾಸ್ತರು ಕೇಳುವುದೂ, ಹುಡುಗ ಕೇಳುವುದೂ ಒಂದೇ ಮಾತು: ಅಷ್ಟರಲ್ಲಿ ಸರಿಯಾಗ್ತದಾ?

ತಲೆನೋವು ಸರಿಯಾಗಬಹುದು. ಆದರೆ ಆ ಪಂದ್ಯ ಅವನಿಗಲ್ಲ. ತಲೆನೋವು ಹೋಗುವುದೂ ಮಿದುಳು ಪೂರ್ತಿ ಚೇತರಿಸಿಕೊಳ್ಳುವುದೂ ಒಂದೇ ದಿನ ಆಗುವುದಿಲ್ಲ. ಗೊಂದಲವೆಲ್ಲ ಇರುವುದು ಇಲ್ಲೇ.

ಈ ಥರದ ಪೆಟ್ಟಿಗೆ ಕನ್ಕಷನ್ ಅನ್ನುತ್ತಾರೆ. ಕ್ರಿಕೆಟ್ ನೋಡುವವರಿಗೆ ಗೊತ್ತಿರುವ ಪದವೇ. ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ಕೂತಿರುವ ಮೆತ್ತನೆಯ ಅಂಗ. ತಲೆ ಗಕ್ಕನೆ ನಿಂತಾಗ ಅಥವಾ ತಿರುಚಿಕೊಂಡಾಗ ಒಳಗೆ ಅದು ಅಲುಗಾಡುತ್ತದೆ, ನರತಂತುಗಳು ಜಗ್ಗಿ ಹೋಗುತ್ತವೆ. ಇದಕ್ಕೆ ತಲೆಗೇ ಪೆಟ್ಟು ಬೀಳಬೇಕು ಅಂತಿಲ್ಲ. ಎದೆಗೆ ಡಿಕ್ಕಿ ಹೊಡೆದು ಕುತ್ತಿಗೆ ಜೋರಾಗಿ ಹಿಂದಕ್ಕೆ ಒದರಿದರೂ ಸಾಕು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡುತ್ತದೆ. ಒಳಗಿನ ಈ ಅಲುಗಾಟವನ್ನು ಅದು ಪೂರ್ತಿ ತಡೆಯಲಾರದು.

ಜಗ್ಗಿದ ನರಕೋಶದಿಂದ ಪೊಟ್ಯಾಶಿಯಂ ಹೊರಗೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು ಮತ್ತೆ ಸರಿದೂಗಿಸಲು ಕೋಶಕ್ಕೆ ತುಂಬ ಶಕ್ತಿ ಬೇಕು, ಅಂದರೆ ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ಕಮ್ಮಿಯಾಗಿರುತ್ತದೆ. ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ತೋಟದ ಪಂಪ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಕಾಯಿಲ್ ಸುಟ್ಟೀತು ಅಂತ ನಾವೇ ಬಂದ್ ಮಾಡುತ್ತೇವೆ. ಆ ಸ್ಥಿತಿಯಲ್ಲಿರುವ ಮಿದುಳಿಗೆ ಇನ್ನೊಂದು ಪೆಟ್ಟು ಬೀಳಬಾರದು. ಈ ಕೊರತೆ ತುಂಬಲು ದಿನಗಳು ಬೇಕು, ಕೆಲವೊಮ್ಮೆ ವಾರಗಳು.

ಇದು ಸ್ಕ್ಯಾನ್‌ನಲ್ಲಿ ಕಾಣುವ ಗಾಯವಲ್ಲ. ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ ಮತ್ತು ಬುರುಡೆಯ ಬಿರುಕು. ಕನ್ಕಷನ್ ಆದ ಮಗುವಿನ ಸ್ಕ್ಯಾನ್ ಸಾಮಾನ್ಯವಾಗಿ ಪೂರ್ತಿ ಚೆನ್ನಾಗಿಯೇ ಇರುತ್ತದೆ. "ಸ್ಕ್ಯಾನ್ ನಾರ್ಮಲ್ ಬಂತು, ಇನ್ನು ಆಡಬಹುದಲ್ವಾ" ಅನ್ನುವುದು ಇದಕ್ಕೇ ತಪ್ಪು ಲೆಕ್ಕ. ಪ್ರಜ್ಞೆ ತಪ್ಪಲಿಲ್ಲ ಅನ್ನುವುದೂ ಸಮಾಧಾನವಲ್ಲ. ಕನ್ಕಷನ್ ಆದವರಲ್ಲಿ ಪ್ರಜ್ಞೆ ತಪ್ಪುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ತಲೆಯ ಮೇಲೆ ಬುಗುಟೆ ಎಷ್ಟು ದೊಡ್ಡದಿದೆ ಅನ್ನುವುದರಿಂದಲೂ ಒಳಗಿನದು ತಿಳಿಯುವುದಿಲ್ಲ.

ಇನ್ನೊಂದು ತೊಂದರೆ, ಲಕ್ಷಣ ತಡವಾಗಿ ಬರುವುದು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಮೈದಾನದ ಪಕ್ಕದಲ್ಲೇ ವೈದ್ಯರಿದ್ದರು, ಪರೀಕ್ಷೆ ಮಾಡಿದರು. ಸ್ಮಿತ್ ಪಾಸಾದರು, ಮತ್ತೆ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದರು. ಮಾರನೇ ದಿನ ಲಕ್ಷಣ ಕಾಣಿಸಿಕೊಂಡಿತು. ಅವರ ಬದಲು ಮಾರ್ನಸ್ ಲಾಬುಶೇನ್ ಇಳಿದರು, ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್ಕಷನ್ ಬದಲಿ ಆಟಗಾರ. ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಅಷ್ಟೆಲ್ಲ ವ್ಯವಸ್ಥೆ ಇದ್ದಲ್ಲೇ ಹೀಗೆ. ಕುಮಟೆಯ ಮಣಕಿ ಮೈದಾನದಲ್ಲೋ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲೋ ಪೆಟ್ಟು ಬಿದ್ದ ಹುಡುಗಿ "ಆರಾಮಿದ್ದೇನೆ ಸರ್" ಅಂದ ಮಾತ್ರಕ್ಕೆ ನಂಬುವುದು ಹೇಗೆ? ಹಾಗಾಗಿ ಎಲ್ಲ ಮಾರ್ಗಸೂಚಿಗಳೂ ಒಪ್ಪುವ ಮೊದಲ ನಿಯಮ ಇದು: ಅನುಮಾನ ಬಂದರೆ ಆ ದಿನ ಮತ್ತೆ ಆಡಿಸುವಂತಿಲ್ಲ. ಫೈನಲ್ ಇದ್ದರೂ ಇಲ್ಲ.

ಅನುಮಾನ ಬರುವುದು ಹೇಗೆ ಅಂದರೆ, ಕೇಳಬೇಕು. "ನಿನ್ನ ಹೆಸರೇನು" ಅಂತ ಕೇಳಿ ಪ್ರಯೋಜನವಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ. ಇದು ಯಾವ ಮೈದಾನ? ಈಗ ಮೊದಲ ಅರ್ಧವೋ ಎರಡನೆಯದೋ? ಕೊನೇ ಪಾಯಿಂಟ್ ತಂದವರು ಯಾರು? ಹಿಂದಿನ ಪಂದ್ಯ ಯಾರ ಜೊತೆ ಆಡಿದ್ದು, ಗೆದ್ದೆವಾ? ಹೈಸ್ಕೂಲು ಮಕ್ಕಳಿಗೆ ಇವು ಸಾಕು. ಒಂದಕ್ಕೆ ತಡವರಿಸಿದರೂ ಹೊರಗೆ ಕೂರಿಸಿ. ಎಲ್ಲದಕ್ಕೂ ಸರಿ ಉತ್ತರ ಕೊಟ್ಟರೂ ಮುಖ ಪೆಚ್ಚಾಗಿದ್ದರೆ, ನಡಿಗೆ ತೂರಾಡಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ ಅಂದರೆ ಆಗಲೂ ಆಟ ಮುಗಿಯಿತು.

ಆಮೇಲೆ ಮೊದಲ ರಾತ್ರಿ. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಯೋಚಿಸಬೇಕು. ಇಲ್ಲಿ ದೊಡ್ಡ ಆಸ್ಪತ್ರೆ ಅಂದರೆ ಜನ ಮಣಿಪಾಲ, ಹುಬ್ಬಳ್ಳಿ, ಗೋವಾ ಅನ್ನುತ್ತಾರೆ. ಕಾರವಾರದಿಂದ ಮಣಿಪಾಲ ಸುಮಾರು 200 ಕಿಲೋಮೀಟರ್, ಶಿರಸಿಯಿಂದ ಹುಬ್ಬಳ್ಳಿ ಸುಮಾರು 100. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾದ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಜೋರಾಯಿತು ಅಂತ ಎಲ್ಲರಿಗೂ ನೆನಪಿದೆ. ಪೆಟ್ಟು ಬಿದ್ದ ಮಕ್ಕಳನ್ನೆಲ್ಲ ಅಷ್ಟು ದೂರ ಹೊತ್ತುಕೊಂಡು ಓಡಬೇಕಿಲ್ಲ. ಹೆಚ್ಚಿನವರಿಗೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ವೈದ್ಯರು ನೋಡಿ, ನಾಲ್ಕಾರು ಗಂಟೆ ಕಣ್ಣಿಟ್ಟರೆ ಸಾಕಾಗುತ್ತದೆ. ಸ್ಕ್ಯಾನ್ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಸುಮ್ನೆ ಸಮಾಧಾನಕ್ಕೆ ಅಂತ ಮಗುವಿನ ತಲೆಗೆ ಸಿಟಿ ಮಾಡಿಸಬೇಡಿ, ಅದರಲ್ಲಿ ವಿಕಿರಣ ಇದೆ.

ಆದರೆ ಕೆಲವು ಲಕ್ಷಣ ಕಂಡರೆ ಕಾಯುವಂತಿಲ್ಲ. ತಲೆನೋವು ಏರುತ್ತಲೇ ಹೋಗುವುದು, ಮೇಲಿಂದ ಮೇಲೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಎರಡು ಕಣ್ಣಿನ ಪಾಪೆ ಒಂದೊಂದು ಅಳತೆ ಆಗುವುದು, ಮೂಗು ಕಿವಿಯಿಂದ ರಕ್ತ ಅಥವಾ ನೀರಿನಂಥ ದ್ರವ ಬರುವುದು, ಕುತ್ತಿಗೆಯ ಮೂಳೆ ಮುಟ್ಟಿದರೆ ನೋವು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋವಿದ್ದರೆ ಮಗುವನ್ನು ಎತ್ತಿ ಕೂರಿಸುವುದೂ ಬೇಡ. ಬುರುಡೆಯೊಳಗೆ ರಕ್ತ ಸೋರುತ್ತಿದ್ದರೆ ಮೊದಲು ಒಂದಿಷ್ಟು ಹೊತ್ತು ಮಗು ಚೆನ್ನಾಗಿಯೇ ಮಾತಾಡಿ, ಆಮೇಲೆ ಕುಸಿಯುವುದೂ ಉಂಟು.

ವಾಂತಿಯ ವಿಷಯಕ್ಕೆ ಒಂದು ಮಾತು. ದೇವಿಮನೆ ಘಟ್ಟ ಇಳಿಯುವಾಗಲೋ ಅರಬೈಲ್ ಏರುವಾಗಲೋ ನಮ್ಮ ಅರ್ಧ ಮಕ್ಕಳು ವಾಂತಿ ಮಾಡುತ್ತಾರೆ. ಪಂದ್ಯ ಮುಗಿಸಿ ಬಸ್ಸಲ್ಲಿ ಬರುವಾಗ ವಾಂತಿಯಾದರೆ "ಘಟ್ಟದ್ದು" ಅಂತ ತಳ್ಳಿಹಾಕುವುದು ಬಹಳ ಸುಲಭ. ಅವತ್ತು ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನು ಪೆಟ್ಟಿನದ್ದು ಅಂತಲೇ ಲೆಕ್ಕ ಹಿಡಿದು ವೈದ್ಯರಿಗೆ ತೋರಿಸಿ. ಇನ್ನೊಂದು, ಮನೆ ಜೋಯಿಡಾದ ಒಳಗಿನ ಹಳ್ಳಿಯಲ್ಲೋ ಸಿದ್ದಾಪುರದ ಕಡೆ ಫೋನಿಗೆ ನೆಟ್‌ವರ್ಕ್ ಸಿಗದ ಕೇರಿಯಲ್ಲೋ ಇದ್ದರೆ ಆ ಒಂದು ರಾತ್ರಿ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿದುಬಿಡುವುದು ಒಳ್ಳೆಯದು. ಮಳೆಗಾಲದ ನಡುರಾತ್ರಿ, ರಸ್ತೆಗೆ ಮರ ಬಿದ್ದಿರುವಾಗ ಗಾಡಿ ಹುಡುಕುವುದು ಬೇಡ.

ನಿದ್ದೆ ಮಾಡಲು ಬಿಡಬಾರದು ಅಂತ ಹಿರಿಯರು ಹೇಳುತ್ತಾರಲ್ವಾ? ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ, ಮೇಲಿನ ಲಕ್ಷಣ ಯಾವುದೂ ಇಲ್ಲದಿದ್ದರೆ, ಧಾರಾಳವಾಗಿ ಮಲಗಲಿ. ಮಿದುಳಿಗೆ ಬೇಕಾದದ್ದೇ ನಿದ್ದೆ. ಗಂಟೆಗೊಮ್ಮೆ ಎಬ್ಬಿಸಿದರೆ ಮಾರನೇ ದಿನದ ತಲೆನೋವು ಪೆಟ್ಟಿನದ್ದೋ ನಿದ್ದೆಗೆಟ್ಟಿದ್ದೋ ತಿಳಿಯುವುದೇ ಇಲ್ಲ. ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಮೊದಲ ಎರಡು ದಿನ ಬೇಡ, ರಕ್ತಸ್ರಾವ ಇದ್ದರೆ ಹೆಚ್ಚಾದೀತು. ಆಸ್ಪಿರಿನ್ ಅಂತೂ ಮಕ್ಕಳಿಗೆ ವೈದ್ಯರು ಹೇಳದೆ ಯಾವತ್ತೂ ಕೊಡಬಾರದು.

ಇನ್ನು ವಿಶ್ರಾಂತಿ. ಹಿಂದೆಲ್ಲ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಅದು ಬದಲಾಗಿದೆ. 2015ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ ಐದು ದಿನ ಕಟ್ಟುನಿಟ್ಟಾಗಿ ಮಲಗಿಸಿದ ಮಕ್ಕಳಿಗೆ, ಒಂದೆರಡು ದಿನ ಮಾತ್ರ ವಿಶ್ರಾಂತಿ ಪಡೆದವರಿಗಿಂತ ಜಾಸ್ತಿ ತೊಂದರೆ ಕಂಡಿತು. 2019ರ ಇನ್ನೊಂದರಲ್ಲಿ ಬೇಗ ಹಗುರ ವ್ಯಾಯಾಮ ಶುರು ಮಾಡಿದ ಹದಿಹರೆಯದವರು ಸುಮಾರು 13 ದಿನಕ್ಕೆ ಚೇತರಿಸಿಕೊಂಡರು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗೆ 17 ದಿನ ಹಿಡಿಯಿತು. ಹಾಗಾಗಿ ಈಗ ಹೇಳುವುದು 24ರಿಂದ 48 ಗಂಟೆಯ ವಿಶ್ರಾಂತಿ, ಅದೂ ಹಾಸಿಗೆಗೆ ಅಂಟಿಕೊಂಡಲ್ಲ. ಮನೆಯೊಳಗೆ ಓಡಾಡಲಿ, ಅಂಗಳಕ್ಕೆ ಬರಲಿ, ಆಯಿಯ ಜೊತೆ ಹರಟೆ ಹೊಡೆಯಲಿ. ಕಟ್ಟುನಿಟ್ಟು ಬೇಕಾದದ್ದು ಮೊಬೈಲಿಗೆ. 2021ರ ಅಧ್ಯಯನವೊಂದರಲ್ಲಿ ಮೊದಲ 48 ಗಂಟೆ ಸ್ಕ್ರೀನ್ ಬಿಟ್ಟವರು ಮೂರೂವರೆ ದಿನದಲ್ಲಿ ಸುಧಾರಿಸಿದರೆ ಬಿಡದವರಿಗೆ ಎಂಟು ದಿನ ಬೇಕಾಯಿತು. ಆಟ ಬಿಡಿಸಿ ಕೂರಿಸಿದ ಹುಡುಗನ ಕೈಗೆ ಬೇಜಾರು ಕಳೆಯಲಿ ಅಂತ ಫೋನ್ ಕೊಡುವುದು ನಮ್ಮೆಲ್ಲರ ಮನೆಯಲ್ಲೂ ಆಗುವ ಕೆಲಸ. ಈ ಎರಡು ದಿನ ಮಾತ್ರ ಬೇಡ.

ಆಮೇಲೆ ಬರುವುದು ಆಟವಲ್ಲ, ಶಾಲೆ. ಮನೆಯಲ್ಲಿ ಹತ್ತು ಹದಿನೈದು ನಿಮಿಷ ಓದಿ ನೋಡಲಿ. ತಲೆ ಭಾರವಾಗದಿದ್ದರೆ ಅರ್ಧ ದಿನ ಶಾಲೆಗೆ ಹೋಗಲಿ, ಆಮೇಲೆ ಪೂರ್ತಿ ದಿನ. ಅಕ್ಕೋರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು: ಬೋರ್ಡ್ ನೋಡುವಾಗ ಕಣ್ಣು ಮಂಜಾಗಬಹುದು, ಗದ್ದಲಕ್ಕೆ ತಲೆ ಸಿಡಿಯಬಹುದು, ಲೆಕ್ಕ ನಿಧಾನವಾಗಬಹುದು, ಇದು ಸೋಮಾರಿತನ ಅಲ್ಲ. ಟೆಸ್ಟ್ ಇದ್ದರೆ ಮುಂದಕ್ಕೆ ಹಾಕಿಕೊಡಿ ಅಂತ ಕೇಳಲು ಮುಜುಗರ ಬೇಡ. ಪೂರ್ತಿ ದಿನ ಕ್ಲಾಸಿನಲ್ಲಿ ಕೂರಲಾಗದ ಮಗು ಮೈಗೆ ಮೈ ತಾಗುವ ಆಟಕ್ಕೆ ಸಿದ್ಧವಾಗಿಲ್ಲ. ನಮ್ಮಲ್ಲಿ ಎಷ್ಟೋ ಸಲ ಇದು ಉಲ್ಟಾ ನಡೆಯುತ್ತದೆ, ತಲೆನೋವು ಅಂತ ಕ್ಲಾಸಿಗೆ ರಜೆ, ಸಂಜೆ ಪ್ರಾಕ್ಟೀಸಿಗೆ ಹಾಜರು.

ಮೈದಾನಕ್ಕೆ ಮರಳುವ ದಾರಿಯನ್ನು ಕ್ರೀಡಾ ವೈದ್ಯರ ಅಂತರರಾಷ್ಟ್ರೀಯ ಗುಂಪೊಂದು 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ ಆರು ಮೆಟ್ಟಿಲಾಗಿ ಜೋಡಿಸಿತು. ಒಂದೊಂದು ಮೆಟ್ಟಿಲಿನಲ್ಲಿ ಕಡಿಮೆ ಅಂದರೂ ಒಂದು ಪೂರ್ತಿ ದಿನ ಇರಬೇಕು. ಮೊದಲನೆಯದು ಈಗ ಹೇಳಿದ ಮನೆಯ ಓಡಾಟ. ಎರಡನೆಯದು ನಡಿಗೆ, ಆಮೇಲೆ ಚುರುಕು ನಡಿಗೆ ಅಥವಾ ನಿಧಾನದ ಓಟ. ಎಷ್ಟು ಚುರುಕು ಅಂದರೆ, 220ರಲ್ಲಿ ವಯಸ್ಸು ಕಳೆಯಿರಿ. 14ರ ಹುಡುಗನಿಗೆ 206 ಉಳಿಯಿತು, ಅದು ಅವನ ನಾಡಿಯ ಗರಿಷ್ಠ. ಶುರುವಿನಲ್ಲಿ ಅದರ ನೂರಕ್ಕೆ 55ರಷ್ಟು, ಅಂದರೆ 113 ದಾಟದಂತೆ ನೋಡಿಕೊಳ್ಳಬೇಕು. ಆಮೇಲೆ ನೂರಕ್ಕೆ 70, ಅಂದರೆ 144. ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿದರೆ ಮೊದಲಿನದಕ್ಕೆ 28, ಎರಡನೆಯದಕ್ಕೆ 36. ಎಣಿಸಲು ಬರದಿದ್ದರೆ ಸರಾಗವಾಗಿ ಮಾತಾಡುತ್ತಾ ನಡೆಯುವ ವೇಗ ಸಾಕು. ಕಾರವಾರದವರಿಗೆ ಟ್ಯಾಗೋರ್ ಕಡಲತೀರದ ಒದ್ದೆ ಮರಳು ಇದೆ, ಸಪಾಟು ಜಾಗ. ಶಿರಸಿ ಕಡೆ ಮನೆಯಿಂದ ಹೊರಗೆ ಕಾಲಿಟ್ಟರೆ ದಿಬ್ಬ, ತೋಟಕ್ಕೆ ಇಳಿದರೆ ಹತ್ತಬೇಕು; ಅಲ್ಲಿ ಶಾಲೆಯ ಮೈದಾನದ ಸುತ್ತು ಹಾಕುವುದು ವಾಸಿ. ಕೆಲವರು ಈಜು ಒಳ್ಳೆಯ ವ್ಯಾಯಾಮ ಅಂತ ಹೊಳೆಗೋ ಸಮುದ್ರಕ್ಕೋ ಕಳಿಸಲು ಹೊರಡುತ್ತಾರೆ. ಬೇಡ. ತಲೆ ಸುತ್ತಿದರೆ ನೀರಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಸೈಕಲ್ಲಿನ ಮೇಲೆ ಪೇಟೆ ಸುತ್ತುವುದು, ಮರ ಹತ್ತುವುದು ಕೂಡ ಬೇಡ.

ಈ ಹಂತದಲ್ಲಿ ತಲೆನೋವು ಚೂರು ಕೆದರಿದರೆ ಹೆದರಬೇಕಿಲ್ಲ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಮಗುವನ್ನು ಕೇಳಿ. ನಡಿಗೆಗೆ ಮೊದಲು ಒಂದು ಅಂದದ್ದು ಮೂರಾಯಿತು, ಒಂದು ಗಂಟೆಯೊಳಗೆ ಇಳಿಯಿತು ಅಂದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಅವತ್ತಿಗೆ ನಿಲ್ಲಿಸಿ, ನಾಳೆ ನೋಡಿ.

ಮೂರನೆಯದು ತನ್ನ ಆಟವನ್ನು ಒಬ್ಬನೇ ಆಡುವುದು. ಕಬಡ್ಡಿಯವನು ಖಾಲಿ ಅಂಕಣದಲ್ಲಿ ಹೆಜ್ಜೆ ಹಾಕುತ್ತಾನೆ, ಉಸಿರು ಹಿಡಿದು ಗೆರೆ ಮುಟ್ಟಿ ಬರುತ್ತಾನೆ. ಕ್ರಿಕೆಟ್ಟಿನವಳು ಬಾಲಿಲ್ಲದೆ ಬ್ಯಾಟ್ ಬೀಸುತ್ತಾಳೆ. ನಾಲ್ಕನೆಯದು ತಂಡದ ಜೊತೆ ಅಭ್ಯಾಸ, ಆದರೆ ಯಾರೂ ಹಿಡಿಯುವಂತಿಲ್ಲ, ಬೀಳಿಸುವಂತಿಲ್ಲ, ಫುಟ್‌ಬಾಲ್ ಆದರೆ ತಲೆಯಲ್ಲಿ ಹೊಡೆಯುವಂತಿಲ್ಲ. ಐದನೆಯದು ಪೂರ್ತಿ ಅಭ್ಯಾಸ. ಆರನೆಯದು ಪಂದ್ಯ. ನಾಲ್ಕಕ್ಕೆ ಕಾಲಿಡುವ ಮೊದಲು ಲಕ್ಷಣಗಳೆಲ್ಲ ಹೋಗಿರಬೇಕು, ಮಾತ್ರೆ ನುಂಗದೆಯೇ ಹೋಗಿರಬೇಕು. ಬೀಳುವ, ಡಿಕ್ಕಿ ಹೊಡೆಯುವ ಸಾಧ್ಯತೆ ಇರುವ ಯಾವುದಕ್ಕೂ ಮೊದಲು ವೈದ್ಯರು ಪರೀಕ್ಷಿಸಿ ಒಪ್ಪಬೇಕು. ಅದಕ್ಕೆ ದೊಡ್ಡ ತಜ್ಞರೇ ಬೇಕೆಂದಿಲ್ಲ, ಮಗುವಿನ ಕತೆಯನ್ನು ಮೊದಲಿಂದ ಕೇಳುವ ಹತ್ತಿರದ ವೈದ್ಯರು ಸಾಕು. ನಾಲ್ಕರ ನಂತರ ತಲೆನೋವು ಮರಳಿದರೆ ಮತ್ತೆ ಮೂರಕ್ಕೆ ಇಳಿಯಬೇಕು.

ಲೆಕ್ಕ ಹಾಕಿದರೆ ಒಂದು ವಾರಕ್ಕೆ ಮುಗಿಯುವಂತೆ ಕಾಣುತ್ತದೆ. ಅಷ್ಟು ಬೇಗ ಮುಗಿಯುವುದು ಅಪರೂಪ. ಮಕ್ಕಳು ಚೇತರಿಸಿಕೊಳ್ಳಲು ನಾಲ್ಕು ವಾರದವರೆಗೂ ಹಿಡಿಯಬಹುದು. ಇಲ್ಲಿ ನನಗೆ ಬ್ರಿಟನ್ನಿನ ನಿಯಮ ಹೆಚ್ಚು ಸರಿ ಕಾಣುತ್ತದೆ. 2023ರಲ್ಲಿ ಅಲ್ಲಿ ಊರು, ಶಾಲೆಗಳ ಮಟ್ಟದ ಎಲ್ಲ ಆಟಗಳಿಗೂ ಸೇರಿಸಿ ಒಂದು ಸೂಚನೆ ಬಂತು. ಪಕ್ಕದಲ್ಲಿ ವೈದ್ಯರು ನಿಂತಿರದ ಮೈದಾನಗಳಿಗಾಗಿ ಬರೆದದ್ದು, ಅಂದರೆ ನಮ್ಮಂಥ ಮೈದಾನಗಳಿಗೆ. ಪೆಟ್ಟು ಬಿದ್ದು 21 ದಿನಕ್ಕೆ ಮೊದಲು ಪಂದ್ಯ ಇಲ್ಲ. ತಲೆಗೆ ಪೆಟ್ಟಾಗಬಹುದಾದ ಅಭ್ಯಾಸಕ್ಕೂ ಮೊದಲು 14 ದಿನ ಯಾವ ಲಕ್ಷಣವೂ ಇರಬಾರದು. ಆಗಸ್ಟ್ 4ಕ್ಕೆ ಪೆಟ್ಟು ಬಿತ್ತು ಅಂದುಕೊಳ್ಳಿ. 12ರವರೆಗೆ ಸ್ವಲ್ಪ ತಲೆನೋವಿತ್ತು, 13ರಿಂದ ಆರಾಮ. 26ಕ್ಕೆ 14 ದಿನ ಮುಗಿಯಿತು, 27ಕ್ಕೆ ಹಿಡಿಯುವ ಬೀಳಿಸುವ ಅಭ್ಯಾಸ, ಏನೂ ಆಗದಿದ್ದರೆ 28ರ ನಂತರ ಪಂದ್ಯ. ನಡುವಿನ ತಾಲೂಕು ಕೂಟ ಹೋಯಿತು. ಹೋಗಲಿ.

ಹೋಗಲಿ ಅನ್ನುವುದು ನನಗೆ ಸುಲಭ, ಹುಡುಗನಿಗಲ್ಲ ಅಂತ ಗೊತ್ತು. ಅದಕ್ಕೇ ಮಕ್ಕಳು ಮುಚ್ಚಿಡುತ್ತಾರೆ. ಕೆನಡಾದ ಒಟ್ಟಾವಾದಲ್ಲಿ 17 ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ 2013ರ ಮೇ ತಿಂಗಳಲ್ಲಿ, ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಮತ್ತೆ ಪೆಟ್ಟು ಬಿದ್ದು ತೀರಿಕೊಂಡಳು. 2018ರಲ್ಲಿ ಒಂಟಾರಿಯೊ ಅವಳ ಹೆಸರಲ್ಲೇ ಕಾನೂನು ಮಾಡಿತು. ಎರಡನೇ ಪೆಟ್ಟಿಗೆ ಮಿದುಳು ಏಕಾಏಕಿ ಊದಿಕೊಳ್ಳುವ ಈ ಸ್ಥಿತಿ ಬಹಳ ಅಪರೂಪ, ಆದರೆ ವರದಿಯಾದವರಲ್ಲಿ ಹೆಚ್ಚಿನವರು ಎಳೆಯರೇ. ಅಪರೂಪವಲ್ಲದ ನಷ್ಟ ಬೇರೆ ಇದೆ. 2016ರ ಅಧ್ಯಯನವೊಂದರಲ್ಲಿ ಪೆಟ್ಟು ಬಿದ್ದ ಕೂಡಲೇ ಹೊರಬಂದ ಹದಿಹರೆಯದವರು ಸುಮಾರು 22 ದಿನಕ್ಕೆ ಸರಿಯಾದರು. ಆಟ ಮುಂದುವರಿಸಿದವರಿಗೆ 44 ದಿನ ಹಿಡಿಯಿತು. ಹುಡುಗರಿಗೆ ಸಾವಿನ ಕತೆಗಿಂತ ಈ ಲೆಕ್ಕ ಜಾಸ್ತಿ ನಾಟುತ್ತದೆ. ಇವತ್ತು ಹೇಳಿದರೆ ಒಂದು ಪಂದ್ಯ ಹೋಗುತ್ತದೆ, ಮುಚ್ಚಿಟ್ಟರೆ ಇಡೀ ಸೀಸನ್ ಹೋದೀತು. ಹೊರಗಿರುವ ಹುಡುಗನನ್ನು ತಂಡದಿಂದಲೇ ಬಿಡಬಾರದು. ಬೆಂಚಿನಲ್ಲಿ ಕೂತು ಸ್ಕೋರ್ ಬರೆಯಲಿ, ಬಸ್ಸಲ್ಲಿ ಜೊತೆಗೆ ಬರಲಿ. ತನ್ನ ಜಾಗ ಹೋಗುವುದಿಲ್ಲ ಅಂತ ಮಾಸ್ತರ ಬಾಯಿಂದ ಕೇಳಿದರೆ ಸುಳ್ಳು ಹೇಳುವ ಅಗತ್ಯ ಅರ್ಧ ಕಮ್ಮಿಯಾಗುತ್ತದೆ.

ನಾಲ್ಕು ವಾರ ಕಳೆದರೂ ತಲೆನೋವು, ತಲೆಸುತ್ತು, ಸಿಡುಕು, ನಿದ್ದೆಯ ತೊಂದರೆ ಉಳಿದಿದ್ದರೆ ಆಗ ದೂರದ ತಜ್ಞರ ಹತ್ತಿರ ಹೋಗುವುದು ಸರಿ. ಎಷ್ಟೋ ಸಲ ತೊಂದರೆ ಉಳಿದಿರುವುದು ಕುತ್ತಿಗೆಯ ಸ್ನಾಯುವಿನಲ್ಲಿ ಅಥವಾ ಒಳಕಿವಿಯ ಸಮತೋಲನದಲ್ಲಿ, ಅದಕ್ಕೆ ಫಿಸಿಯೋಥೆರಪಿ ಇದೆ. ಮೊದಲಿಂದಲೂ ಅರೆದಲೆನೋವು ಇರುವ ಮಕ್ಕಳಿಗೆ ಹೆಚ್ಚು ದಿನ ಬೇಕಾಗಬಹುದು. ಈ ಹಿಂದೆ ಒಮ್ಮೆ ಕನ್ಕಷನ್ ಆಗಿದ್ದವರಿಗೂ ಹಾಗೆಯೇ. ಅದೇ ವರ್ಷದಲ್ಲಿ ಎರಡನೇ ಸಲ ಆಯಿತು, ಅದೂ ಮೊದಲಿಗಿಂತ ಸಣ್ಣ ಪೆಟ್ಟಿಗೆ ಆಯಿತು ಅಂದರೆ ಈ 21 ದಿನದ ಲೆಕ್ಕ ಹಿಡಿದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಎರಡೂ ಸಲದ ತಾರೀಕು, ಯಾವ ಲಕ್ಷಣ ಎಷ್ಟು ದಿನ ಇತ್ತು, ಯಾವ ಮೆಟ್ಟಿಲಿನಲ್ಲಿ ಮರಳಿತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನರರೋಗ ತಜ್ಞರನ್ನು ನೋಡಿ. ಮಗು ಯಾವಾಗ ಆಡಬೇಕು ಅನ್ನುವುದರ ಜೊತೆಗೆ, ಇದೇ ಆಟ ಆಡಬೇಕಾ ಅಂತಲೂ ಅವರನ್ನೇ ಕೇಳಿ.